ಅರ್ಧ ಗುಡ್ಡದಿಂದ ಇಳಿದ ಟೊಬಾಗನ್

ಮೊನ್ನೆ ಡಿಶ್‌ವಾಷರ್ ಬಾಗಿಲು ತೆರೆದೆ. ಪ್ಲೇಟುಗಳ ನಡುವೆ ಮರದ ಸೌಟನ್ನೂ ಮರೆತು ಹಾಕಿಬಿಟ್ಟಿದ್ದೆ. ಬಿಸಿ ಹಬೆಯ ಜೊತೆ ಬೆಂದ ಮರದ ವಾಸನೆ ಮುಖಕ್ಕೆ ಹೊಡೆಯಿತು. ಕೌಂಟರ್ ಹಿಡಿದು ಹಾಗೇ ನಿಂತುಬಿಟ್ಟೆ. ಎದುರುಮನೆಯ ಬ್ರೇಕ್ ಎಂಜಿನಿಯರ್‌ನ ಗರಾಜಿನ ವಾಸನೆ ಅದು…

ರಿಸೆಷನ್ನಿನ ಆ ಚಳಿಗಾಲ, ನಾರ್ತ್‌ವಿಲ್‌ನ ನಮ್ಮ ಸಬ್‌ಡಿವಿಷನ್‌ನಲ್ಲಿ ಎಲ್ಲಿ ನೋಡಿದರೂ ‘ಫಾರ್ ಸೇಲ್’ ಬೋರ್ಡು. ಅವನು ಧಾರವಾಡದ ಕಡೆಯವನು. ಹತ್ತು ವರ್ಷ ಕಾರುಗಳ ಬ್ರೇಕ್ ಟೆಸ್ಟ್ ಮಾಡಿದವನಿಗೆ ಒಂದು ಶುಕ್ರವಾರ ಮೇಜಿನ ಸಾಮಾನು ತುಂಬಿಕೊಳ್ಳೋಕೆ ಡಬ್ಬಿ ಕೊಟ್ಟು ಮನೆಗೆ ಕಳಿಸಿದ್ದರು. ಕೆಲಸ ಹೋದಮೇಲೆ ವೀಸಾನೂ ಹೋದ ಹಾಗೇ. ಮುಂದಿನ ಭಾನುವಾರಕ್ಕೆ ಊರಿಗೆ ಟಿಕೆಟ್. ಅವನ ಹೆಂಡತಿ ಒಳಗೆ ಸೂಟ್‌ಕೇಸ್ ತುಂಬುತ್ತಿದ್ದಳು. ಏಳು ವರ್ಷದ ಮಗಳು ಮಾತ್ರ ಒಂದೇ ಹಟ ಹಿಡಿದಿದ್ದಳು. ಕ್ಲಾಸಿನವರೆಲ್ಲ ಪಾರ್ಕಿನ ದೊಡ್ಡ ಗುಡ್ಡದಿಂದ ಸ್ನೋ ಮೇಲೆ ಜಾರುವ ಹಲಗೆಬಂಡಿ, ಟೊಬಾಗನ್‌ನಲ್ಲಿ ಜಾರಿದ್ದಾರೆ. ಹೋಗುವ ಮುಂಚೆ ತಾನೂ ಒಂದು ಸಲ ಜಾರಬೇಕು.

ಅಂಗಡಿಯಿಂದ ತರಬಹುದಿತ್ತು. ಅವನು ತರಲಿಲ್ಲ, ತಾನೇ ಮಾಡಲು ಹೊರಟ. ಕೈ ಸುಮ್ಮನಿರಬಾರದಿತ್ತೇನೋ ಪಾಪ… ನಮ್ಮನೆ ಬೆಲ್ ಮಾಡಿ, “ಆಂಟೀ, ನಿಮ್ಮ ದೊಡ್ಡ ಇಡ್ಲಿ ಪಾತ್ರಿ ಕೊಡ್ರಿ” ಅಂದ.

“ಎಷ್ಟು ಜನಕ್ಕೆ ಇಡ್ಲಿ?”

“ಜನಕ್ಕಲ್ರಿ, ಕಟಗಿಗೆ.”

ಇದೇನು ಹುಚ್ಚು ಅಂತ ಕೋಟ್ ಹಾಕಿಕೊಂಡು ನಾನೂ ಹಿಂದೆಯೇ ಹೋದೆ. ಗರಾಜಿನ ಸ್ಟೌ ಮೇಲೆ ನನ್ನ ಪಾತ್ರೆ, ಅದರ ಬಾಯಿಗೆ ತಗಡಿನ ಪೈಪ್, ಪೈಪಿನೊಳಗೆ ತೆಳು ಓಕ್ ಹಲಗೆಯ ತುದಿ. ಅರ್ಧ ಗಂಟೆ ಬೇಯಿಸಿ, ಗ್ಲೌಸ್ ಹಾಕಿ ಎಳೆದು, ಟೊಬಾಗನ್ನಿನ ಮೂತಿ ಮೇಲಕ್ಕೆ ಬಾಗುವ ಹಾಗೆ ದುಂಡನೆಯ ಅಚ್ಚಿಗೆ ಒತ್ತಿ ಬಗ್ಗಿಸಬೇಕು. ಮೊದಲನೆಯದು ಟಪ್ ಅಂತ ಮುರಿಯಿತು. “ಬೆಂದಿಲ್ಲ ಕಣಪ್ಪ,” ಅಂದೆ. ಇಡ್ಲಿಯ ವಿಷಯ ನನಗೆ ಗೊತ್ತಿಲ್ಲವೇ! ಉಳಿದವು ಚೆನ್ನಾಗಿ ಬೆಂದು ಹಪ್ಪಳದ ಅಂಚಿನ ಹಾಗೆ ಸುರುಳಿಯಾದವು. ಒಣಗಿದ ಮೇಲೆ ಅಡ್ಡಪಟ್ಟಿ ಹಾಕಿ ಸ್ಕ್ರೂ ಬಿಗಿದ. ತಳದಲ್ಲಿ ಒಂದು ಸ್ಕ್ರೂ ತುದಿಯೂ ಕೈಗೆ ಸಿಗಬಾರದು ಅಂತ ಸವರಿ ಸವರಿ ನೋಡಿ, ಉದ್ದಕ್ಕೂ ಮೇಣದಬತ್ತಿ ಉಜ್ಜಿದ.

ಶುಕ್ರವಾರ ಐದು ಇಂಚು ಸ್ನೋ ಬಿತ್ತು. ಶನಿವಾರ ಮಧ್ಯಾಹ್ನ ನನ್ನನ್ನೂ ಕರೆದುಕೊಂಡು ಗುಡ್ಡಕ್ಕೆ ಹೋದರು. ಮಗಳ ತಲೆಗೆ ಸೈಕಲ್ ಹೆಲ್ಮೆಟ್. ಸ್ಕಾರ್ಫ್ ಬಿಚ್ಚಿಸಿದ, ಎಲ್ಲಾದರೂ ಸಿಕ್ಕಿಕೊಂಡರೆ ಅಂತ. ತಲೆ ಮುಂದೆ ಮಾಡಿ ಮಲಗಬಾರದು, ಕಾಲು ಹೊರಗೆ ಚಾಚಬಾರದು, ನಿಲ್ಲದಿದ್ದರೆ ಪಕ್ಕಕ್ಕೆ ಉರುಳಿಬಿಡಬೇಕು. ಅವಳು “ಐ ನೋ, ಅಪ್ಪಾ!” ಅಂತ ಕುಣಿಯುತ್ತಿದ್ದಳು. ಅವನಿಗೆ ಅದೂ ಸಾಲದು. ಮಗಳ ತೂಕಕ್ಕೆ ಸರಿಯಾಗಿ ಕಾರಿನಿಂದ ಸೋನಾ ಮಸೂರಿ ಅಕ್ಕಿಯ ಮೂರು ಚೀಲ ಇಳಿಸಿ ಟೊಬಾಗನ್‌ಗೆ ಕಟ್ಟಿದ. “ಮೊದಲ ಪ್ಯಾಸೆಂಜರ್ ಇವ್ರು ನೋಡ್ರಿ.”

ಅಕ್ಕಿ ಗುಡ್ಡದ ತುದಿಯಿಂದ ಹೊರಟಿತು. ಅಬ್ಬಾ, ಏನು ಸ್ಪೀಡು! ಕೆಳಗೆ ಬಯಲು ದಾಟಿ, ರಸ್ತೆಗೆ ಹತ್ತು ಅಡಿ ಇರುವಾಗ ನಿಂತಿತು. ನಾನು ಚಪ್ಪಾಳೆ ತಟ್ಟಿ “ಪಾಸ್!” ಅಂದೆ.

“ಫೇಲ್ ರೀ,” ಅಂದ. “ಹತ್ತು ಅಡಿ ಏನೂ ಅಲ್ಲ.”

“ಪ್ಲೀಸ್ ಅಪ್ಪಾ, ಜಸ್ಟ್ ಒನ್ಸ್,” ಅಂತ ಮಗಳು ಅಳತೊಡಗಿದಳು.  ನಾಳೆ ಹೊರಟುಹೋಗುವ ಮಗು. ಅವಳ ಎದುರಿಗೇ ಅಂದುಬಿಟ್ಟೆ: “ಇಷ್ಟು ಪುಕ್ಕಲಾದರೆ ಹೇಗಪ್ಪ? ಬಿಡು ಒಂದು ಸಲ, ಏನಾಗತ್ತೆ?”

ಅವನು ನನ್ನ ಕಡೆ ನೋಡಿದ. ಸಿಟ್ಟಿರಲಿಲ್ಲ. “‘ಏನಾಗತೈತಿ’ ಅಂತ ಕೇಳೂದ ನನ್ನ ನೌಕರಿ ಆಗಿತ್ತರಿ, ಆಂಟೀ,” ಅಂದ, ಮೆಲ್ಲಗೆ.

ಟೊಬಾಗನ್ನನ್ನು ಅರ್ಧ ಗುಡ್ಡಕ್ಕೆ ಎಳೆದು ತಂದು ಮಗಳನ್ನು ಕೂರಿಸಿ, ತಾನು ಕೈ ಬೀಸಿದ ಮೇಲೆ ಬಿಡಬೇಕು ಅಂತ ನನಗೆ ಹೇಳಿದ. ಆಮೇಲೆ ಕೆಳಗೆ ಹೋಗಿ ರಸ್ತೆಗೆ ಬೆನ್ನು ಮಾಡಿ ಕೈ ಚಾಚಿ ನಿಂತ. ಅದು ಮೆಲ್ಲಗೆ ಇಳಿದು ಅವನ ಹತ್ತಿರ ಬರುವ ಎಷ್ಟೋ ಮುಂಚೆಯೇ ನಿಂತಿತು. ಅವಳು ಎದ್ದು ಗುಡ್ಡದ ತುದಿ ನೋಡಿ, “ದಟ್ಸ್ ಇಟ್?” ಅಂದಳು. ಅವನು ಅವಳ ಮೊಣಕಾಲಿನ ಸ್ನೋ ಒರೆಸಿದ. ಆಮೇಲೆ ಅಕ್ಕಿ ಚೀಲಗಳನ್ನು ಮತ್ತೆ ಕಾರಿಗೆ ಏರಿಸಿದ…

ಹೋದ ತಿಂಗಳು ಆ ಮಗಳು ಫೋನ್ ಮಾಡಿದ್ದಳು. ಈಗ ಅಚ್ಚ ಧಾರವಾಡದ ಮಾತು. “ಆಂಟೀ, ಅಪ್ಪಾ ಹೋದರ‍್ರೀ.” ಹಾರ್ಟ್ ಅಟ್ಯಾಕ್. ಅರವತ್ತೂ ಆಗಿರಲಿಲ್ಲ. ಅತ್ತು ಸುಮ್ಮನಾದ ಮೇಲೆ ಕೇಳಿದಳು: “ಅವತ್ತ ಮ್ಯಾಲಿಂದ ಬಿಟ್ಟಿದ್ರ ಏನರ ಆಗತಿತ್ತೇನ್ರಿ? ಅಪ್ಪಾ ಖರೇನ ಅಂಜಿದ್ರೇನು?”

ಮಗು ಆ ಮಾತನ್ನು ಇಷ್ಟು ವರ್ಷ ಇಟ್ಟುಕೊಂಡಿತ್ತು. ನಾನಾಡಿದ ಮಾತು.

“ಇಲ್ಲ ಮರಿ,” ಅಂದೆ. “ಅವನು ಪುಕ್ಕಲ ಅಲ್ಲ. ಅಕ್ಕಿ ಚೀಲ ಎಲ್ಲಿ ನಿಂತಿತು ಅಂತ ನಾನೂ ನೋಡಿದ್ದೆ. ಅವನು ಹೇಳಿದ್ದೇ ಸರಿ, ನಾನಂದದ್ದು ತಪ್ಪು.”  ಆ ಕಡೆಯಿಂದ ಅವಳು “ಹೂಂ ರೀ” ಅಂದಳು.

ಅವನಿಗೇ ಹೇಳಬೇಕಿತ್ತು. ಪ್ರತಿ ಯುಗಾದಿಗೂ ತಪ್ಪದೆ ಫೋನ್ ಮಾಡುತ್ತಿದ್ದ. “ಈ ಸಲ ಸ್ನೋ ಎಷ್ಟ ಬಿದ್ದೈತ್ರಿ ಆಂಟೀ?” ಅಂತ ಕೇಳುತ್ತಿದ್ದ. ನಾನು ಇಂಚು ಹೇಳುತ್ತಿದ್ದೆ. ಅಷ್ಟೇ ಹೇಳಿ ಫೋನ್ ಇಡುತ್ತಿದ್ದೆ.