ಲಾವಣಿಯೊಳಗಿನ ನಮ್ಮ ಮುತ್ಯಾ

ಗೆಳೆಯಾರ, ನಿನ್ನೆ ಸಂಜಿ ಟಿವಿಯೊಳಗ ಒಂದು ವೈಜ್ಞಾನಿಕ ಧಾರಾವಾಹಿ ನೋಡಿದೆ. ಸಾವಿರ ವರ್ಷ ಮುಂದಿನ ಊರು. ಜನರ ಜೀವ ಉಳಿಸಿದ ಪೈಲಟನ್ನ ಕೊಲೆಗಾರ ಅಂತ ಸಾಲಿ ಹುಡುಗ್ರಿಗೆ ಕಲಿಸತಿದ್ರು. ನನಗ ನಮ್ಮ ಮುತ್ಯಾನ ನೆನಪಾತು. ಯಾಕಂದ್ರ ನಮ್ಮ ಕಡೆ ಹಾಡೋ ಒಂದು ಲಾವಣಿಯೊಳಗ ಇಂಗ್ರೇಜಿ ದಂಡಿಗೆ ಕಿತ್ತೂರ ಕ್ವಾಟಿಯ ಕಳ್ಳದಾರಿ ತೋರಿಸಿದ ದ್ರೋಹಿ ಅಂದ್ರ ನಮ್ಮ ಮನಿತನದ ಹಿರ್ಯಾ, ನಮ್ಮ ಮುತ್ಯಾ. ಅದೇ ನಾಚಿಕಿಗೆ ನಮ್ಮಪ್ಪ ಇರೂತನಕ ಲಾವಣಿ ಕೇಳಾಕ ಹೋಗಲೇ ಇಲ್ಲ.

ಇವತ್ತ ಮುಂಜಾನೆ ಬೈಲಹೊಂಗಲ ಬಸ್‌ಸ್ಟ್ಯಾಂಡಿನ್ಯಾಗ ಆ ಲಾವಣಿ ಹಾಡೋ ಇಮಾಮಸಾಬ ಅಜ್ಜಾರು ಸಿಕ್ಕಿದ್ರು. ತಡಿಲಾರದ ಕೇಳೇಬಿಟ್ಟೆ: "ಅಜ್ಜಾರ, ನಮ್ಮ ಮುತ್ಯಾ ಖರೇನ ದಾರಿ ತೋರಿಸಿದ್ನೇನ್ರಿ?"

ಅಜ್ಜಾರು ನಕ್ಕರು. "ಎಲ್ಲೀದ್ದು ತಮ್ಮಾ! ಚಲೋ ಊಟ ಹಾಕಿದವರ ಹಿರ್ಯಾರನ್ನ ನಮ್ಮ ಉಸ್ತಾದ್ರು ಹಾಡಿನ್ಯಾಗ ಶೂರರನ್ನ ಮಾಡತಿದ್ರು. ಒಂದ್ ವರ್ಷ ನಿಮ್ಮ ಮನ್ಯಾಗ ಅವರಿಗೆ ಹಳಸಿದ ಪಲ್ಯಾ ನೀಡಿದ್ರಂತ."

ಎದಿ ಮ್ಯಾಲಿನ ಕಲ್ಲು ಇಳೀತು. ಅಜ್ಜಾರನ್ನ ಮನಿಗೆ ಕರಕೊಂಡು ಬಂದು ಹೋಳಗಿ ಮಾಡಿಸಿ, ಮ್ಯಾಲೆ ತುಪ್ಪ ಸುರುವಿದೆ.

ಎರಡನೇ ಹೋಳಗಿಗೆ ಕೈ ಹಾಕಿ ಅಜ್ಜಾರು ಅಂದ್ರು, "ಮುಂದಿನ ಸಲ ನಿಮ್ಮ ಮುತ್ಯಾನ್ನ ಬಿಳಿ ಕುದರಿ ಮ್ಯಾಲೆ ಕೂಡಸ್ತೇನಿ."

ನಮ್ಮ ಮುತ್ಯಾ ಎತ್ತಿನ ಬಂಡಿ ಬಿಟ್ಟು ಬ್ಯಾರೆ ಏನರ ಹತ್ತಿದ್ದು ನಾ ಕೇಳಿಲ್ಲ. ಆ ಸುಳ್ಳೂ ಬ್ಯಾಡ್ರಿ ಅನ್ನಬೇಕಿತ್ತು.

"ಅಜ್ಜಾರ, ಇನ್ನೊಂದು ಹೋಳಗಿ ಹಾಕಲೇನ್ರಿ?" ಅಂದೆ.