ಪ್ಲಾಟ್‌ಫಾರ್ಮ್ ಬದಲಾದ ಶನಿವಾರ

ಇಂಗ್ಲೆಂಡಿನ ಹಾರ್ಬೋರ್ನ್‌ನಲ್ಲಿ ನಮ್ಮ ಮನೆಯ ಹತ್ತಿರದ ಲೈಬ್ರರಿಯಲ್ಲಿ, ಹಾಂಗ್‌ಕಾಂಗ್‌ನಿಂದ ಹೊಸದಾಗಿ ಬಂದ ಹೈಸ್ಕೂಲ್ ಮಕ್ಕಳಿಗೆ ಶನಿವಾರ ಶನಿವಾರ ಇಂಗ್ಲಿಷ್ ಹೇಳಿಕೊಡಲು ಒಪ್ಪಿಕೊಂಡಾಗ, ಕೆಲಸ ಸುಲಭವೆಂದುಕೊಂಡಿದ್ದೆ. ಮದುವೆಗೆ ಮುಂಚೆ ದಾವಣಗೆರೆಯ ಕಾಲೇಜೊಂದರಲ್ಲಿ ಇಂಗ್ಲಿಷ್ ಪಾಠ ಮಾಡಿದವಳು ನಾನು. ಒಂದು ಪ್ಯಾಸೇಜ್ ಓದಿಸುವುದು, ಒಂದು ರೆಕಾರ್ಡಿಂಗ್ ಕೇಳಿಸುವುದು, ಉತ್ತರ ಬರೆಸುವುದು, ಅಷ್ಟೇ ತಾನೆ.

ಬರುತ್ತಿದ್ದವರು ಐದಾರು ಮಕ್ಕಳು. ಅವರಲ್ಲಿ ದಪ್ಪ ಕನ್ನಡಕದ ಹುಡುಗಿಯೊಬ್ಬಳು ಓದುವುದರಲ್ಲಿ ಬಲು ಚುರುಕು. ನಾನು ಚಹಾ ಮುಗಿಸುವುದರೊಳಗೆ ಪ್ಯಾಸೇಜ್ ಓದಿ, ಉತ್ತರ ಬರೆದು, ಪೆನ್ನಿಗೆ ಕ್ಯಾಪ್ ಹಾಕಿರುತ್ತಿದ್ದಳು. ರೆಕಾರ್ಡಿಂಗ್ ಹಾಕಿದರೆ ಮಾತ್ರ ಮುಖ ಬಾಡುತ್ತಿತ್ತು. ಹಾಳೆ ಖಾಲಿ ಉಳಿಯುತ್ತಿತ್ತು.

"ಮಿಸ್, ಕಾಗದದ ಮೇಲೆ ಪದಗಳ ನಡುವೆ ಜಾಗ ಇರುತ್ತೆ," ಎಂದಳು ಒಂದು ದಿನ. "ಮಾತಲ್ಲಿ ಇರಲ್ಲ. ಸ್ಕೂಲಲ್ಲಿ ಯಾರಾದ್ರೂ ಜೋಕ್ ಹೇಳಿದ್ರೆ ನಾನು ಬೇರೆಯವರ ಮುಖ ನೋಡ್ಕೊಂಡು ನಗ್ತೀನಿ."

ಸಂಜೆ ಆಸ್ಪತ್ರೆಯಿಂದ ಬಂದ ನನ್ನ ಗಂಡನಿಗೆ ಇದನ್ನು ಹೇಳಿದೆ. ಅವರು ನಕ್ಕರು.

"ಇಲ್ಲಿಗೆ ಬಂದ ಮೊದಲ ವರ್ಷ ಜಿಪಿ ಡಾಕ್ಟರ ಕ್ಲಿನಿಕ್ಕಿಂದ ಕಾಲ್ ಬಂದ್ರೆ ನೀನು ಓಡಿ ಬಂದು ಫೋನ್ ನನ್ನ ಕೈಗೆ ಕೊಡ್ತಿದ್ದೆ. ಇಂಗ್ಲಿಷ್ ಎಂ.ಎ. ಬೇರೆ."

"ಆಮೇಲೆ ಹೇಗೆ ಸರಿಹೋಯ್ತು?"

"ಬಸ್ಸಲ್ಲಿ ಓಡಾಡಿ ಓಡಾಡಿ. ಇನ್ನೇನು?"

ಮುಂದಿನ ವಾರವೇ ಅಪ್ಪ ಅಮ್ಮಂದಿರ ಒಪ್ಪಿಗೆ ಪಡೆದು ಮಕ್ಕಳನ್ನು ಬಸ್ಸು ಹತ್ತಿಸಿದೆ. ಕಿವಿಗೆ ಬಿದ್ದ ಒಂದೊಂದು ವಾಕ್ಯವನ್ನು ಎಲ್ಲರೂ ಹಿಡಿದು ತರಬೇಕು, ಇಳಿದ ಮೇಲೆ ಮಾತಾಡೋಣ ಎಂದೆ. ಒಬ್ಬ ಹುಡುಗ "ಟರಾ ಎ ಬಿಟ್" ಎಂಬುದನ್ನು ತಂದ. "ತಾರಾ ಅಂದ್ರೆ ಯಾರು ಮಿಸ್?" ಅದು ಇಲ್ಲಿಯವರು ಹೋಗಿಬರುತ್ತೇನೆ ಎನ್ನುವ ರೀತಿ ಎಂದು ವಿವರಿಸಿ, ನಾನೂ ಮೊದಲು ಯಾರೋ ಹೆಂಗಸಿನ ಹೆಸರೆಂದುಕೊಂಡಿದ್ದೆ ಎಂದಾಗ ಎಲ್ಲರೂ ನಕ್ಕರು.

ಕನ್ನಡಕದ ಹುಡುಗಿ ತಂದದ್ದು ಇಬ್ಬರು ಅಜ್ಜಿಯರ ಮಾತು: "ಐ ಆ್ಯಮ್ ನಾಟ್ ಬೀಯಿಂಗ್ ಫನ್ನಿ, ಬಟ್ ಹರ್ ಕೇಕ್ ವಾಸ್ ಡ್ರೈ." ಇದರಲ್ಲಿ ಫನ್ನಿ ಏನಿದೆ ಎಂದು ಕೇಳಿದಳು. ಏನೂ ಇಲ್ಲ, ಅದು ದೂರು ಹೇಳುವ ಮುಂಚಿನ ಪೀಠಿಕೆ ಎಂದೆ.

"ಹಾಗಾದ್ರೆ ಹೇಳಿದ್ದು ಒಂದು, ಅರ್ಥ ಇನ್ನೊಂದು. ಪರೀಕ್ಷೆಯಲ್ಲೂ ಇದನ್ನೇ ಕೇಳ್ತಾರೆ," ಎಂದವಳ ಕಣ್ಣುಗಳು ಹೊಳೆದವು.

ಅಲ್ಲಿಂದ ನನಗೂ ಹುರುಪು ಹತ್ತಿತು. ನಾವು ಕನ್ನಡದವರು ಇಂಗ್ಲಿಷ್ ಪದದ ಕೊನೆಗೊಂದು ಉಕಾರ ಸೇರಿಸಿ ಬಸ್ಸು, ಕಾರು ಎನ್ನುತ್ತೇವೆ. ಈ ಮಕ್ಕಳು ಕೊನೆಯ ವ್ಯಂಜನವನ್ನೇ ನುಂಗಿಬಿಡುತ್ತಿದ್ದರು. ತಾವು ನುಂಗುವ ಸದ್ದು ಬೇರೆಯವರ ಮಾತಿನಲ್ಲೂ ಕಿವಿಗೆ ಬೀಳುವುದಿಲ್ಲ. ಅದಕ್ಕೇ ಪದದ ಬಾಲ ಹಿಡಿಯುವ ಆಟ ಆಡಿದೆವು. ವಾರ ವಾರಕ್ಕೂ ಹುಡುಗಿಯ ಹಾಳೆ ತುಂಬುತ್ತಾ ಬಂತು.

ವಸಂತದಲ್ಲಿ ಮ್ಯೂಸಿಯಂ ನೋಡಲು ಎಲ್ಲರೂ ಮ್ಯಾಂಚೆಸ್ಟರ್‌ಗೆ ಹೊರಟೆವು. ಸ್ಟೇಷನ್‌ನಲ್ಲಿ ನಾನು ಟಿಕೆಟ್ ಹುಡುಕುತ್ತಿದ್ದಾಗ ಮೇಲಿನಿಂದ ಏನೋ ಅನೌನ್ಸ್‌ಮೆಂಟ್ ಗೊಗ್ಗರು ದನಿಯಲ್ಲಿ ಹರಿದುಹೋಯಿತು. ಹುಡುಗಿ ನನ್ನ ತೋಳು ಹಿಡಿದಳು.

"ಮಿಸ್, ನಮ್ಮ ಟ್ರೈನ್ ಸೇತುವೆ ಆಚೆಯ ಪ್ಲಾಟ್‌ಫಾರ್ಮ್‌ಗೆ ಬರುತ್ತೆ. ಮುಂದಿನ ನಾಲ್ಕು ಬೋಗಿ ಮಾತ್ರ ಮ್ಯಾಂಚೆಸ್ಟರ್‌ಗೆ ಹೋಗುತ್ತೆ."

ಬೋರ್ಡಿನ ಮೇಲೆ ಇನ್ನೂ ಹಳೆಯ ನಂಬರೇ ಇತ್ತು. ಸುತ್ತ ಯಾರೂ ಅಲುಗಿರಲಿಲ್ಲ.

"ಗ್ಯಾರಂಟಿನಾ?"

"ಹೌದು. ಪೂರ್ತಿ ಕೇಳಿಸಿತು."

ಅವಳ ಮುಖ ನೋಡಿದೆ. "ಸರಿ, ಓಡಿ," ಎಂದೆ. ಮೆಟ್ಟಿಲು ಹತ್ತಿ, ಸೇತುವೆ ದಾಟಿ, ಮತ್ತೆ ಇಳಿದು ಏದುಸಿರು ಬಿಡುತ್ತಾ ಬಂದರೆ ಟ್ರೈನ್ ಆಗತಾನೇ ಒಳಗೆ ಬರುತ್ತಿತ್ತು. ಬಾಗಿಲ ಬಳಿಯ ಗಾರ್ಡ್, "ಮ್ಯಾಂಚೆಸ್ಟರಾ? ಮುಂದಿನ ನಾಲ್ಕು, ಲವ್," ಎಂದು ಇಲ್ಲಿಯವರ ಸಲುಗೆಯಲ್ಲಿ ಕರೆದು ಕೈ ತೋರಿದಳು. ಹುಡುಗರು ಆ ಹುಡುಗಿಯ ಬೆನ್ನು ತಟ್ಟಿದರು. ನನಗೆ ಓಟದ ದಣಿವಿಗಿಂತ ಸಂತೋಷವೇ ಹೆಚ್ಚಾಗಿತ್ತು. ಆ ಅನೌನ್ಸ್‌ಮೆಂಟ್ ನನಗೆ ಅರ್ಧವೂ ಅರ್ಥವಾಗಿರಲಿಲ್ಲ.

ಮ್ಯಾಂಚೆಸ್ಟರ್‌ನಲ್ಲಿ ಇಳಿದು ಮ್ಯೂಸಿಯಂನ ದಾರಿ ಕೇಳಿದೆವು. ಅಲ್ಲಿನವನೊಬ್ಬ ಒಂದೇ ಉಸಿರಿನಲ್ಲಿ ಹೇಳಿ ಹೋದ. ಹುಡುಗಿ ಅವನು ಹೋದ ಕಡೆಯೇ ನೋಡುತ್ತಾ ನಿಂತಳು.

"ಇವರ ಇಂಗ್ಲಿಷೇ ಬೇರೆ ಮಿಸ್. ಅರ್ಧ ಸಿಕ್ಕಿತು. ಇನ್ನೊಬ್ಬರನ್ನು ನಾನೇ ಕೇಳ್ತೀನಿ," ಎಂದು ಬಸ್ ಸ್ಟಾಪಿನಲ್ಲಿ ನಿಂತಿದ್ದ ಹೆಂಗಸಿನ ಕಡೆ ನಡೆದೇಬಿಟ್ಟಳು.