ಗಂಗೆಯ ಗಿಂಡಿಗೆ ಬೆಸುಗೆ

ಗೋಡೆಯ ಗೂಡಿನ ಹಲಗೆಯ ಮೇಲೆ ರೂಪಾಯಿಯಗಲದ ಒಂದು ಹಸಿರು ಉಂಗುರವಿತ್ತು. ಬೆರಳಿಟ್ಟು ನೋಡಿದೆ, ತಂಪಾಗಿತ್ತು. ಬೆರಳನ್ನು ಮೂಗಿನ ಹತ್ತಿರ ಹಿಡಿದರೆ ತಾಮ್ರದ ವಾಸನೆ.

ಆ ಹಲಗೆಯ ಮೇಲೆ ಇರುತ್ತಿದ್ದದ್ದು ಒಂದೇ ವಸ್ತು, ಅಜ್ಜಿ ಕಾಶಿಯಿಂದ ತಂದ ಗಂಗೆಯ ಗಿಂಡಿ. ಮುಷ್ಟಿಯಲ್ಲಿ ಹಿಡಿಸುವಷ್ಟು ಸಣ್ಣದು. ತಳವನ್ನೂ ಮುಚ್ಚಳವನ್ನೂ ಬೆಸುಗೆ ಹಾಕಿ ಮುಚ್ಚಿದ್ದರು. ನಮ್ಮ ಕಡೆ ಅದನ್ನು ತೆರೆಯುವುದು ಮನೆಯಲ್ಲಿ ಯಾರದಾದರೂ ಕೊನೆಯುಸಿರಿನ ಹೊತ್ತಿಗೆ, ಬಾಯಿಗೆ ನೀರು ಬಿಡಲು. ಅದಕ್ಕೆ ಮುಂಚೆ ತೆರೆದರೆ ಹಾಸಿಗೆ ಹಿಡಿದವರ ಜೀವ ಹೋಗಲಿ ಎಂದು ಮನೆಯವರೇ ಒಪ್ಪಿಕೊಂಡ ಹಾಗೆ. ಹಾಗಾಗಿ ನೀರನ್ನು ಬೇರೆ ಪಾತ್ರೆಗೆ ಬಗ್ಗಿಸಿಕೊಳ್ಳುವ ಮಾತೇ ಇರಲಿಲ್ಲ. ನನಗೆ ಮೊದಲು ಹೊಳೆದದ್ದು ಅದೇ, ಆದರೆ ಬಾಯಿಬಿಟ್ಟು ಹೇಳಲಿಲ್ಲ.

ಅಜ್ಜಿ ಸಂಕ್ರಾಂತಿಯಿಂದ ಹಾಸಿಗೆ ಹಿಡಿದಿದ್ದಳು. ನಾನು ದೇವನಹಳ್ಳಿಯಲ್ಲಿ ಹುಡುಗಿಯರಿಗೆ ಪಾಠ ಹೇಳುತ್ತಿದ್ದೆ. ನಮ್ಮೂರ ಹತ್ತಿರದ ವಿಜಯಪುರದ ಡಾಕ್ಟರು ಹೇಳಿ ಕಳಿಸಿದ ಮೇಲೆ ರಜೆ ಹಾಕಿ ಬಂದಿದ್ದೆ. ಗಂಜಿ ಕುಡಿಸುವುದು, ಮಗ್ಗುಲು ತಿರುಗಿಸುವುದು, ಗೂಡುಗಳ ಧೂಳು ಹೊಡೆಯುವುದು, ಇಷ್ಟೇ ನನ್ನ ಕೆಲಸ. ಗಿಂಡಿಯನ್ನು ಕಿವಿಯ ಬಳಿ ಹಿಡಿದು ಅಲುಗಿಸಿದೆ. ನೀರು ತಳದಲ್ಲಿ ಸ್ವಲ್ಪವೇ ಓಡಾಡಿತು. ಎಷ್ಟು ದಿನದಿಂದ ಸೋರುತ್ತಿತ್ತೋ, ಇನ್ನೆಷ್ಟು ದಿನಕ್ಕೆ ಬರಿದಾಗುವುದೋ ತಿಳಿಯಲಿಲ್ಲ.

ಅಪ್ಪ ಹೊಲದಲ್ಲಿ ಕುಸಿದು ಬಿದ್ದು ತೀರಿಹೋದಾಗ ಅವರ ಬಾಯಿಗೆ ಈ ನೀರು ಬೀಳಲಿಲ್ಲ. ಗಿಂಡಿ ಮನೆಯಲ್ಲಿತ್ತು, ಅವರು ಕೆರೆಯಾಚೆ ಇದ್ದರು. ಮಗನಿಗೆ ತಪ್ಪಿದ್ದು ತನಗೂ ತಪ್ಪಬಾರದು ಎಂಬುದೊಂದೇ ಅಜ್ಜಿಗೆ ಆಗ ಉಳಿದಿದ್ದ ಆಸೆ. ಬೆಳಿಗ್ಗೆ ಕಣ್ಣು ಬಿಟ್ಟರೆ ಮೊದಲು ಗೂಡಿನ ಕಡೆ ನೋಡುತ್ತಿದ್ದಳು.

ಅವ್ವನಿಗೆ ಹಿತ್ತಲಲ್ಲಿ ಪಿಸುಮಾತಿನಲ್ಲಿ ಹೇಳಿದೆ. ಕಾಲು ಸೋತರೂ ಅಜ್ಜಿಯ ಕಿವಿ ಸೋತಿರಲಿಲ್ಲ. ನಾವು ಒಳಗೆ ಬರುವಷ್ಟರಲ್ಲಿ ಅವಳು ಗೋಡೆಗೆ ಮುಖ ಮಾಡಿ ಮಲಗಿದ್ದಳು. ಸೋರೋದು ನಿಲ್ಲಿಸಕ್ಕೆ ಆಯ್ತದಾ ಎಂದು ಗೋಡೆಯನ್ನೇ ಕೇಳಿದಳು. ಆಗುತ್ತದೆ ಎಂದೆ. ಹೇಗೆ ಎಂದು ನನಗೆ ಆಗ ಗೊತ್ತಿರಲಿಲ್ಲ.

ಚಿಕ್ಕಪ್ಪ ವಿಜಯಪುರದಲ್ಲಿ ಮದುವೆಗಳಿಗೆ ಗ್ಯಾಸ್‌ಲೈಟು ಬಾಡಿಗೆಗೆ ಕೊಡುತ್ತಿದ್ದರು. ದೀಪದ ಬುಡ ಸೋರಿದರೆ ತಾವೇ ಬೆಸುಗೆ ಹಾಕಿಕೊಳ್ಳುತ್ತಿದ್ದರು. ಹೇಳಿ ಕಳಿಸಿದ್ದಕ್ಕೆ ಮಧ್ಯಾಹ್ನವೇ ಸೈಕಲ್ಲಿನಲ್ಲಿ ಬಂದರು. ಗೋಣಿಚೀಲದಲ್ಲಿ ಎರಡು ಬೆಸುಗೆಯ ಕೋಲು, ಮೂತಿಯ ಕೊಳೆ ತೆಗೆಯಲು ಒಂದು ಉಂಡೆ ನವಸಾಗರ, ಸ್ವಲ್ಪ ರಾಳ, ಬೆಸುಗೆಗೆ ಕರಗಿಸಲು ಬೆರಳುದ್ದದ ಸೀಸದ ಕಡ್ಡಿ. ಎರಡನೇ ಮಹಾಯುದ್ಧ ಇನ್ನೂ ನಡೆದಿತ್ತು, ತವರ ಪೇಟೆಯಲ್ಲಿ ಕಣ್ಣಿಗೆ ಬೀಳುತ್ತಿರಲಿಲ್ಲ. ತವರ ಬೆರೆತ ಆ ಕಡ್ಡಿ ತಮ್ಮ ಹತ್ತಿರ ಉಳಿದದ್ದು ಅಷ್ಟೇ ಎಂದು ಚಿಕ್ಕಪ್ಪ ಹೇಳಿದರು.

ಗಿಂಡಿ ಮುಟ್ಟಲು ಅವರು ಕೈ ಚಾಚಿದರು. ಅಜ್ಜಿ ಮಲಗಿದಲ್ಲಿಂದಲೇ ತಡೆದಳು.

"ನಿನ್ನ ಬೀಡಿ ಕೈ ಅದಕ್ಕೆ ಬ್ಯಾಡ ಕಣ್ಲಾ. ಈ ಹುಡುಗಿ ಹಾಕ್ಲಿ. ಬೆಸುಗೇನೂ ಓದವಳೆ ಅಂದಿದ್ದೆ ನೀನೇ."

"ಅವಳು ಓದಿರೋದು ಪುಸ್ತಕದಾಗೆ ಕಣವ್ವ," ಎಂದರು ಚಿಕ್ಕಪ್ಪ. "ಪುಸ್ತಕ ಕೈ ಸುಡಾಕಿಲ್ಲ."

ಬೆಂಗಳೂರಿನ ಕಾಲೇಜಿನ ಪ್ರಯೋಗಶಾಲೆಯಲ್ಲಿ ನಾನು ಬೆಸುಗೆ ಹಾಕಿದ್ದು ನಿಜ. ಆದರೆ ಅದು ಕೂದಲಿನಂಥ ತಂತಿಗೆ, ಪೆನ್ಸಿಲ್ಲಿನಂಥ ಕೋಲಿನಿಂದ. ಇಲ್ಲಿನ ಎರಡರಲ್ಲಿ ಒಂದು ಹೆಚ್ಚುಕಡಿಮೆ ಅಂಥದೇ: ಸಣ್ಣ ಮೂತಿ, ಬೆರಳುಗಳ ನಡುವೆ ಹಗುರಾಗಿ ಕೂರುವ ಹಿಡಿ. ಇನ್ನೊಂದಕ್ಕೆ ಕೊಡಲಿಯಂಥ ದಪ್ಪ ತಾಮ್ರದ ಮೂತಿ. ಹಿಡಿ ಚಿಕ್ಕಪ್ಪನ ಮುಷ್ಟಿಗೆ ಮಾಡಿಸಿದ್ದು, ನನ್ನ ಬೆರಳುಗಳು ಅದನ್ನು ಪೂರ್ತಿ ಸುತ್ತುತ್ತಲೇ ಇರಲಿಲ್ಲ. ಎತ್ತಿ ಹಿಡಿದರೆ ಮೂತಿಯ ಭಾರಕ್ಕೆ ಮಣಿಕಟ್ಟು ಕೆಳಗೆ ಬಾಗಿ ತುದಿ ನಡುಗುತ್ತಿತ್ತು. ಸಣ್ಣದನ್ನೇ ಆರಿಸಿಕೊಂಡೆ. ಸಣ್ಣ ತೂತಿಗೆ ಸಣ್ಣ ಮೂತಿ, ಕೈಗೆ ಹಿತವಾದದ್ದು ಕೆಲಸಕ್ಕೂ ಹಿತ, ಎಂದು ಯೋಚಿಸಿದ್ದೆ.

ಮಾರನೆಯ ದಿನ ತಲೆಗೆ ಸ್ನಾನ ಮಾಡಿ, ಏನೂ ತಿನ್ನದೆ ಅಂಗಳಕ್ಕೆ ಬಂದೆ. ಅಗ್ಗಿಷ್ಟಿಕೆಯಲ್ಲಿ ಇದ್ದಿಲು ಕೆಂಪಾಗಿತ್ತು. ಕೋಲುಗಳು ಎಲ್ಲಿ ಎಂದರೆ ಅವ್ವ ಬಿದಿರಿನ ಮೊರದಲ್ಲಿ ತಂದಿಟ್ಟಳು. ಎರಡೂ ದೇವರ ಪಾತ್ರೆಗಳ ಹಾಗೆ ಹೊಳೆಯುತ್ತಿದ್ದವು. ಯಾರ್ಯಾರ ಮನೆಯ ದೀಪ ಮುಟ್ಟಿದ ಕೋಲು ಗಂಗೆಯನ್ನು ಹೇಗೆ ಮುಟ್ಟುವುದು ಎಂದು ಅವಳು ಹುಣಸೆಹಣ್ಣು, ಬೂದಿ ಹಾಕಿ ಉಜ್ಜಿ, ರಾತ್ರಿಯೆಲ್ಲ ನೀರಿನಲ್ಲಿ ಹಾಕಿಟ್ಟಿದ್ದಳು. ಮೂತಿಗೆ ಹಿಡಿದಿದ್ದ ತವರದ ಬಿಳಿಪೊರೆ ಎಲ್ಲ ಹೋಗಿ ಬರೀ ಕೆಂಪು ತಾಮ್ರ ಉಳಿದಿತ್ತು. ಆ ಪೊರೆ ಇಲ್ಲದೆ ಮೂತಿ ಸೀಸವನ್ನು ಹಿಡಿಯುವುದಿಲ್ಲ. ಮರದ ಹಿಡಿಗಳು ನೀರು ಕುಡಿದು ಉಬ್ಬಿದ್ದವು.

ಅವ್ವ ನನ್ನ ಮುಖವನ್ನೇ ನೋಡುತ್ತಿದ್ದಳು. ಚೆನ್ನಾಗಿ ತೊಳೆದಿದ್ದೀಯ ಎಂದೆ.

ಜಗಲಿಯ ಮೇಲೆ ಕೂತಿದ್ದ ಚಿಕ್ಕಪ್ಪ ಮಾತ್ರ ನಕ್ಕುಬಿಟ್ಟರು. "ಅತ್ತಿಗೆ, ಕೋಲಿಗೆ ಕುಂಕುಮ ಮರೆತುಬಿಟ್ರಲ್ಲ."

ಮೂತಿಗಳನ್ನು ಅರ ಹಾಕಿ ಉಜ್ಜಿ, ಕಾಯಿಸಿ, ನವಸಾಗರದ ಉಂಡೆಗೆ ಒತ್ತಿ, ಸೀಸ ಸವರಿ ಮತ್ತೆ ಪೊರೆ ಹಿಡಿಸಬೇಕಾಯಿತು. ಬಿಳಿ ಹೊಗೆ ಎದ್ದು ಕಣ್ಣಲ್ಲಿ ನೀರು ಬಂತು. ಅದಕ್ಕೇ ಕಡ್ಡಿಯಲ್ಲಿ ಅರ್ಧ ಮುಗಿಯಿತು. ಉಳಿದ ಅರ್ಧವನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡೆ.

ಗಿಂಡಿಯನ್ನು ತಲೆಕೆಳಗು ಮಾಡಿ ಬಾವಿನೀರು ತುಂಬಿದ ಬೋಗುಣಿಯಲ್ಲಿ ಅರ್ಧ ಮುಳುಗಿಸಿಟ್ಟೆ. ಒಳಗಿನ ನೀರು ಮುಚ್ಚಳದ ಕಡೆಗೆ ಇಳಿದು, ಸೋರುವ ತಳದ ಕಡೆ ಗಾಳಿ ಬರಲಿ ಎಂದು ಹಾಗೆ ಮಾಡಿದೆ. ತಣ್ಣೀರಿನಲ್ಲಿದ್ದರೆ ಮುಚ್ಚಳದ ಬೆಸುಗೆ ಕರಗುವುದಿಲ್ಲ ಎಂಬ ಧೈರ್ಯವೂ ಇತ್ತು. ನನ್ನ ಭಯವೆಲ್ಲ ಅದೇ ಆಗಿತ್ತು. ಸೋರುವುದನ್ನು ನಿಲ್ಲಿಸಲು ಹೋಗಿ ನಾನೇ ಗಿಂಡಿಯನ್ನು ತೆರೆದುಬಿಟ್ಟರೆ, ಒಳಗೆ ಮಲಗಿರುವವಳಿಗೆ ಏನೆಂದು ಹೇಳುವುದು?

ತಳದ ಅಂಚನ್ನು ಕೆರೆದು ರಾಳದ ಪುಡಿ ಉದುರಿಸಿ, ಸಣ್ಣ ಮೂತಿಯನ್ನು ಇಟ್ಟೆ. ಸೀಸ ಕರಗಿತು, ಆದರೆ ಹರಡಲಿಲ್ಲ. ರಾಗಿಕಾಳಿನಂತೆ ಗುಂಡಾಗಿ ನಿಂತು, ಮುಟ್ಟಿದರೆ ಉರುಳಿ ಬಿತ್ತು. ಇನ್ನೊಂದು ಸಲ ಕಾಯಿಸಿ ಇಟ್ಟೆ, ಹೆಚ್ಚು ಹೊತ್ತು ಹಿಡಿದೆ. ಮೂತಿಯ ಕಾವನ್ನೆಲ್ಲ ಗಿಂಡಿ ಕುಡಿದುಬಿಡುತ್ತಿತ್ತು. ಹಿಡಿದಷ್ಟೂ ಗಿಂಡಿ ಬಿಸಿಯಾಗುತ್ತಿತ್ತೇ ಹೊರತು ಬೆಸುಗೆ ಕೂರುತ್ತಿರಲಿಲ್ಲ. ಬೋಗುಣಿಯ ನೀರು ಬೆಚ್ಚಗಾಗತೊಡಗಿತು. ಕೋಲನ್ನು ಕೆಳಗಿಟ್ಟು ದೂರ ಹೋಗಿ ನಿಂತೆ.

ತಂತಿ ಎಂದರೆ ಒಂದು ಚಿಟಿಕೆ ತಾಮ್ರ, ಅದಕ್ಕೆ ಸಣ್ಣ ಮೂತಿ ಸಾಕು. ಪಾತ್ರೆಯ ತಾಮ್ರ ಕಾವನ್ನು ಎಲ್ಲ ಕಡೆಗೂ ಎಳೆದುಕೊಂಡು ಹೋಗುತ್ತದೆ. ಅದು ಎಳೆದುಕೊಳ್ಳುವುದಕ್ಕಿಂತ ಬೇಗ ಕಾವು ಕೊಟ್ಟು ಹಿಂದಕ್ಕೆ ಬರಬೇಕಾದರೆ ಹೊಟ್ಟೆಯಲ್ಲಿ ಕಾವು ತುಂಬಿಕೊಂಡ ದಪ್ಪ ಮೂತಿಯೇ ಬೇಕು. ಗಿಂಡಿಗೆ ಅಪಾಯ ಕಡಿಮೆ ಇದ್ದದ್ದು ನನಗೆ ಹೆದರಿಕೆ ಹುಟ್ಟಿಸುವ ಕೋಲಿನಲ್ಲೇ. ಇದನ್ನು ಚಿಕ್ಕಪ್ಪನಿಗೆ ಹೇಳಿದಾಗ ಅವರು, ನಾನೂ ಅದನ್ನೇ ಹೇಳಾಣ ಅಂತಿದ್ದೆ, ಎಂದರು. ನಿಜವಾಗಿ ಅಂದುಕೊಂಡಿದ್ದರೋ ಇಲ್ಲವೋ.

ದಪ್ಪ ಕೋಲನ್ನು ಇದ್ದಿಲಿನಲ್ಲಿಟ್ಟಾಗ ಒದ್ದೆ ಹಿಡಿಯ ಬುಡದಿಂದ ಆವಿ ಬರತೊಡಗಿತು. ಹಿಡಿದರೆ ಅಂಗೈಗೆ ಚುರುಕ್ಕೆಂದಿತು. ಅವ್ವ ತನ್ನ ಹಳೆಯ ಸೀರೆಯ ಅಂಚನ್ನು ಹರಿದು ಕೊಟ್ಟಳು. ಅದನ್ನು ಹಿಡಿಯ ಹಿಂತುದಿಗೆ ಸುತ್ತಿದೆ. ದಪ್ಪ ಇನ್ನೂ ಹೆಚ್ಚಿತು, ಹಿಡಿತ ಇನ್ನೂ ಕೆಟ್ಟಿತು. ಕೊನೆಗೆ ಎರಡೂ ಕೈಗಳಲ್ಲಿ ಹಿಡಿದು, ಮೊಣಕೈಗಳನ್ನು ಮಂಡಿಗಳಿಗೆ ಆನಿಸಿ ಕುಕ್ಕರಗಾಲಲ್ಲಿ ಕೂತೆ. ಆಗ ತುದಿ ನಿಂತಿತು.

ಒಂದು ಸಲ ಇಟ್ಟು ಎತ್ತಿದೆ. ಸೀಸ ನೀರಿನ ಹಾಗೆ ಹರಡಿತು. ಆದರೆ ಒಳಗಿನ ಗಾಳಿ ಹಿಗ್ಗಿ, ನಡುವೆ ಒಂದು ಗುಳ್ಳೆ ಎದ್ದು ಒಡೆಯಿತು. ಅಲ್ಲಿ ಸೂಜಿಮೊನೆಯಷ್ಟು ತೂತು. ಕಡ್ಡಿಯಲ್ಲಿ ಉಳಿದದ್ದು ಉಗುರಿನಷ್ಟು. ಬಿಸಿಯಾದಾಗ ಗಾಳಿ ಹೊರಕ್ಕೆ ತಳ್ಳುತ್ತದೆ, ಆರುವಾಗ ಒಳಕ್ಕೆ ಎಳೆಯುತ್ತದೆ ಎಂದು ನನಗೆ ನಾನೇ ಪಾಠ ಹೇಳಿಕೊಂಡೆ. ಕೋಲನ್ನು ಮತ್ತೆ ಕಾಯಿಸಿಟ್ಟು, ಅವ್ವನಿಗೆ ಬೋಗುಣಿಗೆ ಹೊಸ ತಣ್ಣೀರು ಸುರಿಯಲು ಹೇಳಿ, ಅವಳು ಸುರಿದ ಕೂಡಲೇ ಇಟ್ಟು ಎತ್ತಿದೆ.

ಸೀಸ ನಡುವೆ ಚೂರು ತಗ್ಗಿ ಹಾಗೇ ಗಟ್ಟಿಯಾಯಿತು. ಗುಳ್ಳೆ ಏಳಲಿಲ್ಲ.

ಗಿಂಡಿಯನ್ನು ಒರೆಸಿ, ನೆಟ್ಟಗೆ ಮಾಡಿ, ಒಂದು ತಟ್ಟೆಯಲ್ಲಿ ಒಣ ವಿಭೂತಿ ಹರಡಿ ಅದರ ಮೇಲಿಟ್ಟೆ. ಅವ್ವ ಊಟಕ್ಕೆ ಕರೆದಳು, ಹೋಗಲಿಲ್ಲ. ಸಂಜೆ ದನ ಮನೆಗೆ ಬರುವ ತನಕ ಆ ತಟ್ಟೆಯ ಮುಂದೆಯೇ ಕೂತಿದ್ದೆ. ಎತ್ತಿ ನೋಡಿದಾಗ ವಿಭೂತಿ ಒಣಗಿಯೇ ಇತ್ತು.

ಅಜ್ಜಿಯ ಕಿವಿಯ ಬಳಿ ಗಿಂಡಿಯನ್ನು ಅಲುಗಿಸಿದೆ. ಅವಳು ಕಣ್ಣು ಮುಚ್ಚಿ ಕೇಳಿದಳು. ಸಾಕು ಎಂದು ಕೈ ಎತ್ತಿದಳು. ಅವ್ವ ಕಾಲ ಬಳಿ ನಿಂತಿದ್ದಳು.

"ನಂಗೆ ಒಂದು ಗುಟುಕು ಸಾಕು ಮಗ," ಎಂದಳು ಅಜ್ಜಿ. "ಬಿಟ್ಟ ತಕ್ಷಣ ತಿರುಗಿ ಮುಚ್ಚಿಬಿಡು. ಉಳಿದದ್ದು ನಿಮ್ಮವ್ವಂಗೆ."

"ಅದ್ಯಾಕೆ ಈಗ ಆ ಮಾತು ಅತ್ತೆ," ಎಂದು ಅವ್ವ ಒಳಗೆ ಹೋದಳು. ನಾನು ಹೂಂ ಎಂದೆ. ಒಪ್ಪಿಕೊಂಡದ್ದು ಏನೆಂದು ಹೇಳಿಯಾದ ಮೇಲೆ ಹೊಳೆಯಿತು. ಆ ಹೊತ್ತು ಬಂದಾಗ ಮುಚ್ಚಳದ ಬೆಸುಗೆಯನ್ನು ಕಾಯಿಸಿ ಬಿಡಿಸಬೇಕಾದವಳು ನಾನು. ಮನೆಯವರೆಲ್ಲ ಅಳುತ್ತಿರುವಾಗ ಅದೇ ಸೀಸದಿಂದ ಮತ್ತೆ ಮುಚ್ಚಬೇಕಾದವಳೂ ನಾನೇ. ಆಗ ಕೈ ನಡುಗಬಾರದು, ಮೂತಿ ಸಿದ್ಧವಿರಬೇಕು, ಕೆಂಡವಿರಬೇಕು. ಆ ದಿನ ಯಾವುದೆಂದು ಯಾರಿಗೂ ಗೊತ್ತಿಲ್ಲ.

ಮಾರನೆಯ ಬೆಳಿಗ್ಗೆ ದಪ್ಪ ಕೋಲನ್ನು ನನಗೇ ಬಿಟ್ಟು ಹೋಗಿ ಎಂದು ಚಿಕ್ಕಪ್ಪನನ್ನು ಕೇಳಿದೆ. "ಯಾಕವ್ವ, ಮದುವೇಲಿ ಬಳುವಳಿಗಾ?" ಎಂದರು. ಕೋಲನ್ನು ಜಗಲಿಯ ಮೇಲಿಟ್ಟು ಸೈಕಲ್ಲು ಹತ್ತಿದರು.

ಉಬ್ಬಿದ ಹಿಡಿಯನ್ನು ಕಲ್ಲಿನಿಂದ ಬಡಿದು ಕಳಚಿದೆ. ಅವ್ವನ ಮುರಿದ ಕುಡುಗೋಲೊಂದು ದನದ ಕೊಟ್ಟಿಗೆಯ ಸೂರಿನಲ್ಲಿ ಸಿಕ್ಕಿಕೊಂಡಿತ್ತು. ಅದರ ಹಿಡಿ ಸವೆದು ತೆಳುವಾಗಿತ್ತು, ನನ್ನ ಮುಷ್ಟಿಯೊಳಗೆ ಸರಿಯಾಗಿ ಕೂರುತ್ತಿತ್ತು. ಕೋಲಿನ ಹಿಂತುದಿಯನ್ನು ಕೆಂಪಗೆ ಕಾಯಿಸಿ ಆ ಹಿಡಿಯೊಳಕ್ಕೆ ಇಳಿಸಿದೆ. ಮರ ಸುಟ್ಟು ಹೊಗೆಯಾಗಿ ಕಚ್ಚಿಕೊಂಡಿತು. ಒಂದು ಕೈಯಲ್ಲಿ ಎತ್ತಿ ಹಿಡಿದು, ತುದಿ ಅಲುಗುತ್ತದೆಯೇ ಎಂದು ಬಹಳ ಹೊತ್ತು ನೋಡಿದೆ. ಸ್ವಲ್ಪ ಅಲುಗುತ್ತಿತ್ತು. ನಂತರ ಒಂದು ಬುಟ್ಟಿ ಇದ್ದಿಲನ್ನು ಆರಿಸಿ, ಸಣ್ಣದಾಗಿ ಒಡೆದು, ಅಜ್ಜಿಯ ಕೋಣೆಯ ಬಾಗಿಲ ಹಿಂದೆ ತೇವ ತಾಗದ ಕಡೆ ಇಟ್ಟೆ. ಪಾಠಕ್ಕೆ ಮರಳಲು ನಾನು ಹತ್ತಬೇಕಿದ್ದ ದೇವನಹಳ್ಳಿಯ ಬಸ್ಸು ಊರ ಮುಂದೆ ನಿಂತು ಹಾರನ್ ಹೊಡೆದದ್ದು ಕೇಳಿಸಿತು. ನಾನು ಕೈ ತೊಳೆದುಕೊಂಡು, ಕೋಲನ್ನು ಮತ್ತೆ ಕೈಗೆತ್ತಿಕೊಂಡೆ.